ಹೊಲಿಗೆಯ ಕೋಣೆಗೊಂದು ಮಡಚುವ ಮೇಜು

ಅನ್ನ, ಅರಿವೆ, ಆಸರೆ—ಈ ಮೂರೂ ಮನುಷ್ಯನಿಗೆ ಅತ್ಯವಶ್ಯವಾದವು. ಇವುಗಳಲ್ಲಿ ಎರಡನೆಯದನ್ನು ಸಿದ್ಧಪಡಿಸುವ ಕೆಲಸವನ್ನು ಮೂರನೆಯದರ ಇಕ್ಕಟ್ಟಿನಲ್ಲಿ ಹೇಗೆ ಹಿಡಿಸಬೇಕು ಎಂಬುದೇ ಈ ಲೇಖನದ ವಿಷಯ.

ನಮ್ಮ ಪುಣೆ ನಗರದಲ್ಲಿ ಕನ್ನಡಿಗರ ಮನೆಗಳು ಹಲವು ತೆರನಾಗಿವೆ. ಹಳೆಯ ಪೇಠೆಗಳ ವಾಡೆಗಳಲ್ಲಿ ಒಂದೆರಡು ಖೋಲಿಗಳ ಬಿಡಾರಗಳಿವೆ. ಉಪನಗರಗಳಲ್ಲಿ ಚಿಕ್ಕ ಚಿಕ್ಕ ಫ್ಲ್ಯಾಟುಗಳಿವೆ. ವಿಜಯಪುರ, ಕಲಬುರಗಿ, ಬೆಳಗಾವಿಗಳ ಕಡೆಯಿಂದ ಕೆಲಸವನ್ನು ಅರಸಿ ಬಂದವರ ಒಂದೇ ಕೋಣೆಯ ಮನೆಗಳೂ ಇವೆ. ಇಂಥ ಮನೆಗಳಲ್ಲಿ ಅನೇಕ ಕಡೆ ಒಂದು ಹೊಲಿಗೆ ಯಂತ್ರವನ್ನು ನಾವು ಕಾಣುತ್ತೇವೆ. ಯಂತ್ರವು ಕಿಟಕಿಯ ಬಳಿ ಒಂದು ಮೂಲೆಯನ್ನು ಹಿಡಿದು ಸುಮ್ಮನೆ ನಿಲ್ಲುತ್ತದೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಬಟ್ಟೆಯು ಯಂತ್ರದ ಸೂಜಿಯ ಕೆಳಗೆ ಬರುವುದಕ್ಕೆ ಮುಂಚೆ ಅದನ್ನು ಹರಡಬೇಕು, ಅಳೆಯಬೇಕು, ಗೆರೆ ಎಳೆಯಬೇಕು, ಕತ್ತರಿಸಬೇಕು. ಇದಕ್ಕೆ ಒಂದು ಮಂಚದಷ್ಟಾದರೂ ಸಮತಟ್ಟಾದ ಜಾಗ ಬೇಕು. ಆ ಜಾಗವು ದಿನದಲ್ಲಿ ಒಂದೆರಡು ಗಂಟೆಗೆ ಮಾತ್ರ ಬೇಕು. ಉಳಿದ ವೇಳೆಯಲ್ಲಿ ಅಲ್ಲಿಯೇ ಊಟ, ಅಲ್ಲಿಯೇ ಓದು, ಅಲ್ಲಿಯೇ ನಿದ್ರೆ. ಬೇಕಾದಾಗ ಬಂದು, ಬೇಡವಾದಾಗ ಗೋಡೆಗೆ ಸರಿದು ನಿಲ್ಲುವ ಮೇಜೊಂದಿದ್ದರೆ ಈ ತೊಡಕು ಬಿಡಿಸಿದಂತಾಗುತ್ತದೆ. ಅಂಥ ಮೇಜನ್ನು ಹೇಗೆ ಯೋಚಿಸಬೇಕು, ಹೇಗೆ ಕಟ್ಟಬೇಕು ಎಂಬುದನ್ನು ಕ್ರಮವಾಗಿ ನೋಡೋಣ.

ಹೊಲಿಗೆಯ ಹಿರಿಮೆ

ಹೊಲಿಗೆಯನ್ನು ಬಿಡುವಿನ ವೇಳೆಯ ಹವ್ಯಾಸವೆಂದು ಮಾತ್ರ ತಿಳಿಯಬಾರದು. ಈ ನಗರದಲ್ಲಿ ಅದಕ್ಕೊಂದು ಗೌರವದ ಇತಿಹಾಸವಿದೆ. ಧೋಂಡೋ ಕೇಶವ ಕರ್ವೆಯವರು ೧೮೯೬ರಲ್ಲಿ ವಿಧವೆಯರಿಗಾಗಿ ಆಶ್ರಮವೊಂದನ್ನು ಸ್ಥಾಪಿಸಿ, ಮುಂದೆ ಅದನ್ನು ಹಿಂಗಣೆಯಲ್ಲಿ ಬೆಳೆಸಿದರು. ರಮಾಬಾಯಿ ರಾನಡೆಯವರು ೧೯೦೯ರಲ್ಲಿ ಪುಣೆಯಲ್ಲಿ ಸೇವಾಸದನವನ್ನು ಆರಂಭಿಸಿದರು. ಅಲ್ಲಿ ಓದುಬರಹದೊಂದಿಗೆ ಹೊಲಿಗೆ, ಶುಶ್ರೂಷೆ ಮೊದಲಾದ ವಿದ್ಯೆಗಳನ್ನೂ ಕಲಿಸುತ್ತಿದ್ದರು. ಕೈಯಲ್ಲಿ ಕಸುಬಿದ್ದ ಹೆಣ್ಣುಮಗಳು ಇನ್ನೊಬ್ಬರ ಮುಂದೆ ಕೈಯೊಡ್ಡಬೇಕಾಗಿಲ್ಲ ಎಂಬುದೇ ಇದರ ಹಿಂದಿನ ವಿಚಾರವಾಗಿತ್ತು.

ಅಮೆರಿಕದ ಐಸಾಕ್ ಸಿಂಗರ್ ಎಂಬಾತನು ತನ್ನ ಹೊಲಿಗೆ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದುದು ೧೮೫೧ರಲ್ಲಿ. ಯಂತ್ರಗಳ ಹಾವಳಿಯನ್ನು ಕಟುವಾಗಿ ಟೀಕಿಸಿದ ಗಾಂಧೀಜಿಯವರು ಸಹ ೧೯೨೪ರ ಒಂದು ಸಂವಾದದಲ್ಲಿ ಈ ಸಿಂಗರ್ ಯಂತ್ರಕ್ಕೆ ವಿನಾಯಿತಿಯನ್ನು ಕೊಟ್ಟರೆಂಬುದು ಗಮನಾರ್ಹವಾದ ಸಂಗತಿ. ಮನೆಯೊಳಗೇ ಕುಳಿತು ದುಡಿಯುವವರ ಶ್ರಮವನ್ನು ಅದು ಹಗುರಗೊಳಿಸುತ್ತದೆ ಎಂಬುದನ್ನು ಅವರು ಮೆಚ್ಚಿದ್ದರು.

ಇಂದಿಗೂ ನಮ್ಮ ಓಣಿಗಳಲ್ಲಿ ಎಷ್ಟೋ ತಾಯಂದಿರು ಕುಪ್ಪಸ ಹೊಲಿದು, ಸೀರೆಗೆ ಫಾಲ್ ಹಚ್ಚಿ, ಶಾಲೆಯ ಸಮವಸ್ತ್ರಗಳನ್ನು ಸಿದ್ಧಪಡಿಸಿ ಮನೆಯ ಖರ್ಚಿಗೆ ನೆರವಾಗುತ್ತಿದ್ದಾರೆ. ಅವರ ಮುಂದಿರುವ ಬಟ್ಟೆ ಹಲವು ವೇಳೆ ಅವರದಲ್ಲ. ಗುಳೇದಗುಡ್ಡದ ಖಣವಾಗಲಿ, ಲಕ್ಷ್ಮೀ ರಸ್ತೆಯ ಅಂಗಡಿಯಿಂದ ತಂದ ರೇಶ್ಮೆಯಾಗಲಿ, ಅದು ಗಿರಾಕಿಯು ನಂಬಿ ಕೊಟ್ಟ ವಸ್ತು. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕತ್ತರಿ ತಪ್ಪಿದರೆ ಬಟ್ಟೆ ಮರಳಿ ಕೂಡುವುದಿಲ್ಲ. ಆ ನಷ್ಟವನ್ನು ಹೊಲಿಯುವವಳೇ ಹೊರಬೇಕು. ಆದುದರಿಂದ ಬಟ್ಟೆಯನ್ನು ಕತ್ತರಿಸುವ ಜಾಗವು ಯಂತ್ರದಷ್ಟೇ ಮಹತ್ವದ್ದು.

ನೆಲವೋ, ಮೇಜೋ?

ನಮ್ಮ ಹಿರಿಯರು ನೆಲದ ಮೇಲೆಯೇ ಬಟ್ಟೆ ಹರಡಿ ಕತ್ತರಿಸುತ್ತಿದ್ದರಲ್ಲವೇ, ಈಗೇಕೆ ಮೇಜು ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದುದೇ. ಕೆಲವು ಕೆಲಸಗಳಿಗೆ ನೆಲಕ್ಕಿಂತ ಒಳ್ಳೆಯ ಮೇಜಿಲ್ಲ. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಕೂಡಿಸಿ ಕೌದಿಯನ್ನು ಹೊಲಿಯುವಾಗ ಇಡೀ ಪಡಸಾಲೆಯೇ ಅವರಿಗೆ ಬೇಕಾಗುತ್ತದೆ. ಅಷ್ಟು ಅಗಲವನ್ನು ಯಾವ ಮೇಜೂ ಕೊಡಲಾರದು.

ಆದರೆ ದಿನವೂ ಕತ್ತರಿ ಹಿಡಿಯುವವರಿಗೆ ನೆಲವು ಎರಡು ಬಗೆಯ ತೊಂದರೆಗಳನ್ನು ಒಡ್ಡುತ್ತದೆ. ಮೊದಲನೆಯದು ಬಟ್ಟೆಗೆ ಸಂಬಂಧಿಸಿದ್ದು. ಪುಣೆಯ ಅನೇಕ ಹಳೆಯ ಮನೆಗಳ ನೆಲಕ್ಕೆ ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಫರಸಿ ಕಲ್ಲನ್ನು ಹಾಸಿರುತ್ತಾರೆ. ಕಲ್ಲು ಗಟ್ಟಿ, ತಂಪು. ಆದರೆ ಎರಡು ಕಲ್ಲುಗಳ ನಡುವಿನ ಸಂದಿನಲ್ಲಿ ಸೀಮೆಸುಣ್ಣದ ಗೆರೆ ಮುರಿಯುತ್ತದೆ, ಕತ್ತರಿಯ ಮೊನೆ ತಡೆಯುತ್ತದೆ. ಬಿಳಿಯ ಬಟ್ಟೆಗೆ ಧೂಳು ಹತ್ತುತ್ತದೆ.

ಎರಡನೆಯ ತೊಂದರೆ ಬೆನ್ನಿಗೆ ಸಂಬಂಧಿಸಿದ್ದು, ಇದೇ ಹೆಚ್ಚಿನದು. ಬಗ್ಗಿ ಕೆಲಸ ಮಾಡುವಾಗ ಕೈಯಲ್ಲಿರುವ ಬಟ್ಟೆಯ ಭಾರ ಅತ್ಯಲ್ಪ. ಆದರೂ ಬೆನ್ನು ನೋಯುವುದೇಕೆ? ವಿಜ್ಞಾನದ ಪಾಠದಲ್ಲಿ ನೀವು ಸನ್ನೆಯ ನಿಯಮವನ್ನು ಓದಿದ್ದೀರಿ. ತಲೆ, ತೋಳು, ಮುಂಡಗಳು ಸೇರಿ ನಮ್ಮ ದೇಹದ ಅರ್ಧಕ್ಕಿಂತಲೂ ಹೆಚ್ಚಿನ ತೂಕವಾಗುತ್ತವೆ. ನಾವು ಮುಂದಕ್ಕೆ ಬಗ್ಗಿದಾಗ ಈ ಭಾರವು ಸೊಂಟದ ಕೀಲಿನಿಂದ ಸುಮಾರು ೨೫ ಸೆಂಟಿಮೀಟರ್ ಮುಂದೆ ತೂಗುತ್ತದೆ. ಅದನ್ನು ಎಳೆದು ಹಿಡಿಯುವ ಬೆನ್ನಿನ ಸ್ನಾಯುಗಳಾದರೋ ಕೀಲಿನಿಂದ ಕೇವಲ ೫ ಸೆಂಟಿಮೀಟರ್ ಹಿಂದೆ ಇವೆ. ಆದ್ದರಿಂದ ಸ್ನಾಯುಗಳು ಆ ಭಾರದ ಸುಮಾರು ಐದು ಪಟ್ಟು ಬಲದಿಂದ ಎಳೆಯಬೇಕಾಗುತ್ತದೆ. ಬಾವಿಯ ಏತದ ಗಿಡ್ಡ ತುದಿಯನ್ನು ಹಿಡಿದು ನೀರೆತ್ತಲು ಹೋದವನ ಪಾಡೇ ಇದು. ಗಂಟೆಗಟ್ಟಲೆ ಹೀಗೆ ಬಗ್ಗಿದ ತಾಯಿಯು ಎದ್ದು ನಿಲ್ಲುವಾಗ ಸೊಂಟಕ್ಕೆ ಕೈಯಿಡುವುದನ್ನು ನೀವೆಲ್ಲರೂ ನೋಡಿರಬಹುದು. ನಿಂತು ಕತ್ತರಿಸುವ ಎತ್ತರದ ಮೇಜು ಈ ಭಾರವನ್ನು ಬಹುಮಟ್ಟಿಗೆ ಇಳಿಸುತ್ತದೆ.

ಅಳೆಯಬೇಕಾದ ಮೂರು ಸಂಗತಿಗಳು

ಬಡಿಗನು ಮರವನ್ನು ಅಳೆಯುವುದಕ್ಕೆ ಮುಂಚೆ ನಾವು ಮೂರನ್ನು ಅಳೆಯಬೇಕು: ಕೆಲಸ ಮಾಡುವವರನ್ನು, ಬಟ್ಟೆಯನ್ನು, ಕೋಣೆಯನ್ನು.

ಮೊದಲು ಎತ್ತರ. ನೆಟ್ಟಗೆ ನಿಂತು ಮೊಣಕೈಯನ್ನು ಮಡಚಿದಾಗ ನೆಲದಿಂದ ಮೊಣಕೈಯವರೆಗೆ ಎಷ್ಟು ಎತ್ತರವಾಗುತ್ತದೆಯೋ ಅದಕ್ಕಿಂತ ೧೦ರಿಂದ ೧೫ ಸೆಂ.ಮೀ. ಕೆಳಗೆ ಮೇಜಿನ ಮೇಲ್ಮೈ ಇರಬೇಕು. ಐದು ಅಡಿ, ಎಂದರೆ ಸುಮಾರು ೧೫೨ ಸೆಂ.ಮೀ. ಎತ್ತರದ ಹೆಂಗಸಿಗೆ ಮೊಣಕೈ ಸುಮಾರು ೯೫ ಸೆಂ.ಮೀ. ಮಟ್ಟದಲ್ಲಿರುತ್ತದೆ; ಆಕೆಗೆ ೮೫ ಸೆಂ.ಮೀ. ಎತ್ತರದ ಮೇಜು ತಕ್ಕುದಾಗುತ್ತದೆ. ಅಂಗಡಿಯಲ್ಲಿ ದೊರೆಯುವ ಬರವಣಿಗೆಯ ಮೇಜು ಸುಮಾರು ೭೫ ಸೆಂ.ಮೀ. ಮಾತ್ರ ಇರುವುದರಿಂದ ಅದರ ಮುಂದೆ ನಿಂತವರು ಮತ್ತೆ ಬಗ್ಗಲೇಬೇಕಾಗುತ್ತದೆ. ಊಹೆಗೆ ಎಡೆಗೊಡದೆ ನಿಮ್ಮ ತಾಯಿಯವರ ಮೊಣಕೈಯ ಎತ್ತರವನ್ನು ಟೇಪು ಹಿಡಿದು ಅಳೆಯಿರಿ.

ಎರಡನೆಯದು ಬಟ್ಟೆ. ಪೇಟೆಯಲ್ಲಿ ಸಾಮಾನ್ಯವಾಗಿ ೩೬, ೪೪ ಮತ್ತು ೫೮ ಇಂಚು ಪನ್ನದ ಬಟ್ಟೆಗಳು ಬರುತ್ತವೆ. ಕತ್ತರಿಸುವಾಗ ಬಟ್ಟೆಯನ್ನು ಉದ್ದಕ್ಕೆ ಎರಡು ಮಡಿಕೆ ಮಾಡುವುದು ರೂಢಿ. ಆಗ ೪೪ ಇಂಚಿನದು ೨೨ ಇಂಚು, ಎಂದರೆ ಸುಮಾರು ೫೬ ಸೆಂ.ಮೀ. ಆಗುತ್ತದೆ, ೫೮ ಇಂಚಿನದು ೨೯ ಇಂಚು, ಎಂದರೆ ಸುಮಾರು ೭೪ ಸೆಂ.ಮೀ. ಆಗುತ್ತದೆ. ಆದುದರಿಂದ ೯೦ ಸೆಂ.ಮೀ. ಅಗಲದ ಮೇಜಿನ ಮೇಲೆ ಅತಿ ದೊಡ್ಡ ಪನ್ನದ ಬಟ್ಟೆಯೂ ಮಡಿಕೆಯಲ್ಲಿ ಹಿಡಿಸಿ, ಕತ್ತರಿ, ಟೇಪುಗಳನ್ನಿಡಲು ಕೈಯಗಲ ಜಾಗ ಉಳಿಯುತ್ತದೆ. ಉದ್ದವು ೧೫೦ ಸೆಂ.ಮೀ. ಇದ್ದರೆ ಕುಡತಿ, ಪರಕಾರಗಳ ಪೂರ್ಣ ಉದ್ದವು ಒಮ್ಮೆಗೇ ಹರಡುತ್ತದೆ.

ಪೂರ್ಣವಾಗಿ ಹರಡಬೇಕೆಂಬ ಆಗ್ರಹವೇಕೆ? ಬಟ್ಟೆಯಲ್ಲಿ ಉದ್ದನೆಯ ಎಳೆಗಳನ್ನು ಹಾಸು ಎಂದೂ ಅಡ್ಡ ಎಳೆಗಳನ್ನು ಹೊಕ್ಕು ಎಂದೂ ಕರೆಯುತ್ತೇವೆ. ಇವೆರಡೂ ಒಂದಕ್ಕೊಂದು ಲಂಬಕೋನದಲ್ಲಿ ಕೂಡಿದಾಗಲೇ ಬಟ್ಟೆ ಸಮನಾಗಿರುತ್ತದೆ. ಅರ್ಧ ಬಟ್ಟೆ ಮೇಜಿನ ಮೇಲಿದ್ದು ಅರ್ಧ ಕೆಳಗೆ ಜೋತುಬಿದ್ದರೆ, ಜೋತ ಭಾಗದ ಭಾರವು ಎಳೆಗಳನ್ನು ಓರೆಯಾಗಿ ಜಗ್ಗುತ್ತದೆ. ಹಾಗೆ ಜಗ್ಗಿದ ಸ್ಥಿತಿಯಲ್ಲಿ ಕತ್ತರಿಸಿದ ತೋಳು, ತೊಟ್ಟಾಗ ಹೊರಳಿಕೊಳ್ಳುತ್ತದೆ. ಗಿರಾಕಿಯು ಹೊಲಿಗೆಯನ್ನು ದೂರುತ್ತಾನೆ, ತಪ್ಪು ಮೇಜಿನದು.

ಮೂರನೆಯದು ಕೋಣೆ. ಮೇಜಿನ ಒಂದು ಉದ್ದದ ಬದಿಗೂ ಒಂದು ಗಿಡ್ಡ ಬದಿಗೂ ೬೦ ಸೆಂ.ಮೀ. ಓಡಾಟದ ಜಾಗವಿರಬೇಕು. ಹೀಗೆ ೨೧೦ ಸೆಂ.ಮೀ. ಉದ್ದ, ೧೫೦ ಸೆಂ.ಮೀ. ಅಗಲದ ಸ್ಥಳ ಬೇಕಾಗುತ್ತದೆ. ಹತ್ತಡಿ ಚೌಕದ ಖೋಲಿಯಲ್ಲಿ ಇದು ಒಂದೆರಡು ಗಂಟೆಗಳ ಮಟ್ಟಿಗೆ ದೊರೆಯಬಹುದು, ದಿನವಿಡೀ ದೊರೆಯುವುದಿಲ್ಲ. ಮಡಚುವ ಉಪಾಯ ಇಲ್ಲಿಯೇ ಬೇಕಾಗುವುದು.

ಇಲ್ಲಿ ಒಂದು ವಿನೋದವನ್ನು ಗಮನಿಸಿರಿ. ಬಟ್ಟೆಯನ್ನು ಅಂಗಡಿಯವನು ಮೀಟರಿನಲ್ಲಿ ಕೊಡುತ್ತಾನೆ. ಶಿಂಪಿಗನು ಇಂಚಿನಲ್ಲಿ ಅಳೆಯುತ್ತಾನೆ. ಹಲಗೆಯನ್ನು ಮರದ ವ್ಯಾಪಾರಿ ಅಡಿಯಲ್ಲಿ ಮಾರುತ್ತಾನೆ. ೧೯೫೬ರ ಕಾಯಿದೆಯಿಂದ ನಮ್ಮ ದೇಶದಲ್ಲಿ ದಶಮಾಂಶ ಪದ್ಧತಿಯ ಅಳತೆಗಳು ಬಂದರೂ ಹಳೆಯ ಅಳತೆಗಳು ನಾಲಿಗೆಯನ್ನು ಬಿಟ್ಟಿಲ್ಲ. ಒಂದು ಇಂಚಿಗೆ ೨.೫೪ ಸೆಂ.ಮೀ. ಎಂಬುದನ್ನು ನೆನಪಿನಲ್ಲಿಟ್ಟರೆ ಮೂವರ ಭಾಷೆಯೂ ನಮಗೆ ತಿಳಿಯುತ್ತದೆ.

ಮಡಚುವ ಬಗೆಗಳು

ಮೇಜನ್ನು ಮಡಚಲು ಹಲವು ಮಾರ್ಗಗಳಿವೆ. ಗೋಡೆಗೆ ಹಲಗೆಯನ್ನು ಬಿಜಾಗರಿಯಿಂದ, ಎಂದರೆ ಬಾಗಿಲಿಗೆ ಹಾಕುವ ಕೀಲಿನಿಂದ, ಜೋಡಿಸಿ ಬೇಕಾದಾಗ ಇಳಿಸಿಕೊಳ್ಳುವುದು ಒಂದು. ಇದು ಎಲ್ಲಕ್ಕಿಂತ ಕಡಿಮೆ ಜಾಗವನ್ನು ಹಿಡಿಯುತ್ತದೆ. ಆದರೆ ಬಾಡಿಗೆಯ ಮನೆಯಲ್ಲಿ ಗೋಡೆಗೆ ತೂತು ಹೊಡೆಯಲು ಒಡೆಯರು ಒಪ್ಪಬೇಕು. ಹಳೆಯ ವಾಡೆಗಳ ಗೋಡೆಯಾದರೆ ತಿರುಪುಮೊಳೆಯೇ ನಿಲ್ಲುವುದಿಲ್ಲ. ಮನೆ ಬದಲಿಸಿದರೆ ಮೇಜು ಅಲ್ಲಿಯೇ ಉಳಿಯುತ್ತದೆ. ಇನ್ನೊಂದು ಮಾರ್ಗವೆಂದರೆ ಮಂಚದ ಮೇಲೆ ಹಲಗೆ ಇಡುವುದು. ಅದು ತೀರ ತಗ್ಗು.

ಮೂರನೆಯದು ರೆಕ್ಕೆಗಳುಳ್ಳ ಮೇಜು. ನಡುವೆ ಕಿರಿದಾದ ಸ್ಥಿರ ಹಲಗೆ; ಅದರ ಎರಡೂ ಬದಿಗೆ ಬಿಜಾಗರಿಯಿಂದ ಕೂಡಿಸಿದ ಎರಡು ರೆಕ್ಕೆಗಳು. ಬಾಗಿಲಿನಂತೆ ತಿರುಗುವ ಕಾಲುಗಳು ಹೊರಗೆ ಬಂದು ರೆಕ್ಕೆಗಳನ್ನು ಹೊರುತ್ತವೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಇಂಥ ಮೇಜುಗಳು ಬಹಳ ಬಳಕೆಯಲ್ಲಿದ್ದವು. ಅವುಗಳಿಗೆ ಗೇಟ್‌ಲೆಗ್ ಮೇಜು ಎಂಬ ಹೆಸರು ಬಂದುದು ಈ ಬಾಗಿಲುಗಾಲುಗಳಿಂದಲೇ. ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಯಂತ್ರಗಳಲ್ಲಿಯೂ ಇದೇ ತತ್ತ್ವವನ್ನು ಕಾಣಬಹುದು: ಕೆಲವು ಯಂತ್ರಗಳ ತಲೆ ಪೆಟ್ಟಿಗೆಯೊಳಗೆ ಇಳಿದು, ಮೇಲಿನ ಹಲಗೆ ಮುಚ್ಚಿಕೊಂಡು ಚಿಕ್ಕ ಮೇಜಾಗುತ್ತದೆ. ಗೋಡೆಯ ಹಂಗಿಲ್ಲದ ಈ ಮೂರನೆಯ ಬಗೆಯನ್ನೇ ನಾವು ಆರಿಸಿಕೊಳ್ಳೋಣ.

ನಡುವಿನ ಹಲಗೆ ೩೦ ಸೆಂ.ಮೀ. ಅಗಲ, ಪ್ರತಿಯೊಂದು ರೆಕ್ಕೆ ೬೦ ಸೆಂ.ಮೀ.; ಮೂರಕ್ಕೂ ೯೦ ಸೆಂ.ಮೀ. ಉದ್ದ. ಬಿಚ್ಚಿದಾಗ ೧೫೦ ಮತ್ತು ೯೦ ಸೆಂ.ಮೀ.ಗಳ ಮೇಜಾಯಿತು. ಮಡಚಿದಾಗ ರೆಕ್ಕೆಗಳು ಎರಡೂ ಬದಿಗೆ ಜೋತು ನಿಲ್ಲುವುದರಿಂದ ಅವುಗಳ ದಪ್ಪವನ್ನೂ ಕೂಡಿಸಬೇಕು. ಹಲಗೆ ೧೯ ಮಿಲಿಮೀಟರ್ ದಪ್ಪವಿದ್ದರೆ ಒಟ್ಟು ಅಗಲ ಸುಮಾರು ೩೪ ಸೆಂ.ಮೀ. ಬಿಚ್ಚಿದ ಮೇಜಿನ ಕ್ಷೇತ್ರಫಲ ೧.೩೫ ಚದರ ಮೀಟರ್. ಮಡಚಿದಾಗ ಅದು ಹಿಡಿಯುವ ನೆಲ ೦.೩೦೬ ಚದರ ಮೀಟರ್. ನಾಲ್ಕರಲ್ಲೊಂದು ಪಾಲಿಗಿಂತಲೂ ಕಡಿಮೆಯಾಯಿತಲ್ಲವೇ? ಜೋತ ರೆಕ್ಕೆಯ ಕೆಳ ಅಂಚು ನೆಲದಿಂದ ಸುಮಾರು ೨೩ ಸೆಂ.ಮೀ. ಮೇಲೆ ಇರುವುದರಿಂದ ಕಸಬರಿಗೆಯೂ ಸರಾಗವಾಗಿ ಆಡುತ್ತದೆ.

ಒಂದು ಹಲಗೆ, ಎರಡು ಮನೆ

ಮೇಲ್ಮೈಗೆ ಪ್ಲೈವುಡ್ ಉತ್ತಮ. ಮರವನ್ನು ತೆಳುವಾದ ಹಾಳೆಗಳನ್ನಾಗಿ ಸುಲಿದು, ಒಂದರ ಎಳೆ ಉದ್ದಕ್ಕೆ ಬಂದರೆ ಮುಂದಿನದರ ಎಳೆ ಅಡ್ಡಕ್ಕೆ ಬರುವಂತೆ ಅಂಟಿಸಿ ಇದನ್ನು ಮಾಡುತ್ತಾರೆ. ಇದೂ ಒಂದು ಬಗೆಯ ಹಾಸುಹೊಕ್ಕೇ. ಎಳೆಗಳು ಒಂದನ್ನೊಂದು ತಡೆಹಿಡಿಯುವುದರಿಂದ ಮಳೆಗಾಲದ ತೇವದಲ್ಲಿಯೂ ಹಲಗೆ ಹೆಚ್ಚಾಗಿ ಸೊಟ್ಟಗಾಗುವುದಿಲ್ಲ.

ಪ್ಲೈವುಡ್ಡಿನ ಪೂರ್ಣ ಹಲಗೆಯು ಎಂಟಡಿ ಉದ್ದ, ನಾಲ್ಕಡಿ ಅಗಲ. ಎಂದರೆ ಸುಮಾರು ೨೪೪ ಮತ್ತು ೧೨೨ ಸೆಂ.ಮೀ. ನಮ್ಮ ಮೇಜಿಗೆ ಇದರ ಅರ್ಧವೂ ಬೇಡ. ಉಳಿದುದನ್ನು ವ್ಯರ್ಥಗೊಳಿಸಬಾರದು. ಮೊದಲು ಹಲಗೆಯ ಉದ್ದಕ್ಕೂ ೯೦ ಸೆಂ.ಮೀ. ಅಗಲದ ಪಟ್ಟಿಯನ್ನು ಕೊಯ್ಯಿರಿ. ಆ ಪಟ್ಟಿಯನ್ನು ಅಡ್ಡಲಾಗಿ ೬೦, ೬೦, ೩೦, ೬೦, ೩೦ ಎಂದು ಐದು ತುಂಡು ಮಾಡಿರಿ. ಇವುಗಳ ಮೊತ್ತ ೨೪೦ ಸೆಂ.ಮೀ.; ಗರಗಸವು ಪ್ರತಿ ಕೊಯ್ತಕ್ಕೆ ತಿನ್ನುವ ಸುಮಾರು ೩ ಮಿಲಿಮೀಟರನ್ನು ಸೇರಿಸಿದರೂ ೨೪೪ರೊಳಗೇ ಉಳಿಯುತ್ತದೆ. ಮೊದಲಿನ ಮೂರು ತುಂಡುಗಳಿಂದ ನಮ್ಮ ಎರಡು ರೆಕ್ಕೆಗಳ ಮೇಜು. ಉಳಿದ ಎರಡು ತುಂಡುಗಳಿಂದ ಒಂದೇ ರೆಕ್ಕೆಯ, ೯೦ ಸೆಂ.ಮೀ. ಚೌಕದ ಇನ್ನೊಂದು ಚಿಕ್ಕ ಮೇಜು. ನೆರೆಮನೆಯವರೊಡನೆ ಕೂಡಿ ಕೊಂಡರೆ ಒಂದು ಹಲಗೆಯಲ್ಲಿ ಎರಡು ಮನೆಗಳ ಕೆಲಸವಾಗುತ್ತದೆ. ಬದಿಯಲ್ಲಿ ಉಳಿಯುವ ಸುಮಾರು ೩೨ ಸೆಂ.ಮೀ. ಅಗಲದ ನೀಳ ಪಟ್ಟಿಯು ಎರಡೂ ಮೇಜುಗಳ ಕೆಳಗಿನ ಅಟ್ಟಣಿಗೆಗೆ ಸಾಕು.

ಹಲಗೆ, ಮರಗಳಿಗೆ ಪುಣೆಯವರು ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿಗೆ ಹೋಗುತ್ತಾರೆ. ಬಿಜಾಗರಿ, ತಿರುಪುಮೊಳೆಗಳು ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ದೊರೆಯುತ್ತವೆ. ಕಾಲುಗಳಿಗೆ ಹೊಸ ತೇಗವು ದುಬಾರಿ. ಹಳೆಯ ಮನೆಗಳನ್ನು ಕೆಡಹುವಾಗ ಸಿಕ್ಕುವ ತೇಗದ ಚೌಕಟ್ಟುಗಳು ದೊರೆತರೆ ಅವು ಹೊಸ ಮರಕ್ಕಿಂತಲೂ ಮೇಲು; ಹಲವು ದಶಕಗಳ ಕಾಲ ಒಣಗಿದ ಆ ಮರ ಇನ್ನು ಸುಲಭವಾಗಿ ಸೊಟ್ಟಗಾಗದು.

ಕಟ್ಟುವ ಕ್ರಮ

ಗರಗಸ, ಉಳಿಗಳ ಕೆಲಸವನ್ನು ಬಡಿಗರಿಂದಲೋ, ಕೆಲಸ ಬಲ್ಲ ಹಿರಿಯರಿಂದಲೋ ಮಾಡಿಸಬೇಕು. ಅಳೆಯುವುದು, ಗುರುತು ಹಾಕುವುದು, ಮರಳು ಕಾಗದದಿಂದ ತಿಕ್ಕುವುದು, ಬಣ್ಣ ಹಚ್ಚುವುದು ನಿಮ್ಮ ಪಾಲಿಗಿರಲಿ.

೧. ಸ್ಥಿರ ಚೌಕಟ್ಟು: ನಾಲ್ಕು ಸೆಂ.ಮೀ. ಚೌಕದ, ೮೩ ಸೆಂ.ಮೀ. ಎತ್ತರದ ನಾಲ್ಕು ಕಾಲುಗಳು. ಮೇಲೆ ಮತ್ತು ಕೆಳಗೆ ಅಡ್ಡಪಟ್ಟಿಗಳನ್ನು ಕೂಡಿಸಿ, ಹೊರ ಅಳತೆ ೮೦ ಮತ್ತು ೨೦ ಸೆಂ.ಮೀ. ಬರುವಂತೆ ಕಟ್ಟಿರಿ. ಕೆಳಗಿನ ಪಟ್ಟಿಗಳು ನೆಲದಿಂದ ೧೫ ಸೆಂ.ಮೀ. ಮೇಲಿರಲಿ. ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಕಾಲಿನ ಗೂಡಿನಲ್ಲಿ ಕೂಡಿಸಿ ಅಂಟು ಹಚ್ಚಿದರೆ ಜೋಡಣೆ ಗಟ್ಟಿಯಾಗುತ್ತದೆ. ಮೂಲೆಮಟ್ಟ ಹಿಡಿದು ಲಂಬಕೋನವನ್ನು ನೋಡುವುದಲ್ಲದೆ, ಚೌಕಟ್ಟಿನ ಎರಡೂ ಕರ್ಣಗಳನ್ನು ಅಳೆಯಿರಿ. ಎದುರು ಬದಿಗಳು ಸಮನಾಗಿದ್ದು ಕರ್ಣಗಳೂ ಸಮನಾದರೆ ಅದು ನಿಜವಾದ ಆಯತ. ರೇಖಾಗಣಿತದ ಈ ಪ್ರಮೇಯ ಬಡಿಗನಿಗೆ ದಿನವೂ ಬೇಕಾಗುತ್ತದೆ.

೨. ತಿರುಗುವ ಕಾಲುಗಳು: ೩೮ ಸೆಂ.ಮೀ. ಅಗಲದ ನಾಲ್ಕು ಚಿಕ್ಕ ಬಾಗಿಲುಗಳಂಥ ಚೌಕಟ್ಟುಗಳು. ಪ್ರತಿಯೊಂದರ ಹೊರಗಾಲು ನೆಲವನ್ನು ಮುಟ್ಟಬೇಕು; ಒಳಗಂಬವು ನೆಲದಿಂದ ಎರಡು ಸೆಂ.ಮೀ. ಮೇಲೆ ನಿಲ್ಲಬೇಕು. ದಪ್ಪವು ನಾಲ್ಕು ಸೆಂ.ಮೀ.ಗೆ ಮಿಕ್ಕಬಾರದು. ಇವುಗಳನ್ನು ಸ್ಥಿರ ಚೌಕಟ್ಟಿನ ನಾಲ್ಕು ಮೂಲೆಗಳಿಗೆ ತಲಾ ಎರಡು ಬಿಜಾಗರಿಗಳಿಂದ ಜೋಡಿಸಿರಿ. ಮುಚ್ಚಿದಾಗ ಒಂದೊಂದು ಬದಿಯ ಎರಡು ಬಾಗಿಲುಗಳು ಎದುರುಬದುರಾಗಿ ಬಂದು ನಡುವೆ ನಾಲ್ಕು ಸೆಂ.ಮೀ. ಉಳಿಯುತ್ತದೆ, ತೆರೆದಾಗ ರೆಕ್ಕೆಯ ಎರಡೂ ತುದಿಗಳ ಕೆಳಗೆ ಒಂದೊಂದು ಕಾಲು ಬರುತ್ತದೆ.

೩. ನಡುವಿನ ಹಲಗೆ: ಇದನ್ನು ಸ್ಥಿರ ಚೌಕಟ್ಟಿನ ಮೇಲೆ ಎಲ್ಲ ಬದಿಗೂ ಐದು ಸೆಂ.ಮೀ. ಹೊರಚಾಚುವಂತೆ ಕೂಡಿಸಿರಿ. ಮುಚ್ಚಿದ ತಿರುಗುಗಾಲುಗಳು ಈ ಐದು ಸೆಂ.ಮೀ. ಚಾಚಿನ ಕೆಳಗೆ ಅಡಗುವುದರಿಂದ ರೆಕ್ಕೆಯು ಅಡೆತಡೆಯಿಲ್ಲದೆ ನೆಟ್ಟಗೆ ಜೋಲುತ್ತದೆ.

೪. ರೆಕ್ಕೆಗಳು: ಹಲಗೆಗಳನ್ನು ನೆಲದ ಮೇಲೆ ಮಗುಚಿ ಒಂದಕ್ಕೊಂದು ಒತ್ತಾಗಿಟ್ಟು, ಅಡಿಭಾಗದಲ್ಲಿ ಪ್ರತಿ ರೆಕ್ಕೆಗೆ ಮೂರು ಬಿಜಾಗರಿಗಳನ್ನು ಹಾಕಬೇಕು. ಬಿಜಾಗರಿಯ ಗೆಣ್ಣು ಸರಿಯಾಗಿ ಸಂದಿನ ಗೆರೆಯ ಮೇಲೆ ಬರಲಿ; ಅದು ಕೂಡಲು ಸಂದಿನ ಅಂಚಿನಲ್ಲಿ ಸಣ್ಣ ಗೀರನ್ನು ತೆಗೆಯಬೇಕು. ೧೯ ಮಿಲಿಮೀಟರ್ ದಪ್ಪದ ಹಲಗೆಗೆ ೧೫ ಮಿಲಿಮೀಟರಿಗಿಂತ ಉದ್ದದ ತಿರುಪುಮೊಳೆ ಬೇಡ. ಉದ್ದವಾದರೆ ಮೊನೆ ಮೇಲಕ್ಕೆ ಬಂದು ಗಿರಾಕಿಯ ರೇಶ್ಮೆಯನ್ನು ಹರಿದೀತು. ರೆಕ್ಕೆಗಳಿಗೆ ಆರು, ತಿರುಗುಗಾಲುಗಳಿಗೆ ಎಂಟು—ಒಟ್ಟು ಹದಿನಾಲ್ಕು ಬಿಜಾಗರಿಗಳು ಬೇಕು.

೫. ತಡೆಪಟ್ಟಿ: ತೆರೆದ ಕಾಲು ಲಂಬಕೋನವನ್ನು ದಾಟಿ ಮುಂದಕ್ಕೆ ಜಾರದಂತೆ ರೆಕ್ಕೆಯ ಅಡಿಗೆ ಚಿಕ್ಕ ಮರದ ತುಂಡನ್ನು ಅಂಟಿಸಿರಿ. ಇದನ್ನು ಮರೆತರೆ ಯಾರದೋ ಕಾಲು ತಾಗಿ ರೆಕ್ಕೆ ಕುಸಿಯಬಹುದು.

೬. ಅಟ್ಟಣಿಗೆ ಮತ್ತು ಗೆರ: ಕೆಳಗಿನ ಅಡ್ಡಪಟ್ಟಿಗಳ ಮೇಲೆ ಉಳಿದ ಹಲಗೆಯನ್ನು ಹಾಸಿದರೆ ಇಸ್ತ್ರಿ ಪೆಟ್ಟಿಗೆ, ಬಟ್ಟೆಯ ಗಂಟುಗಳಿಗೆ ಜಾಗವಾಯಿತು. ಮೇಲ್ಮೈಯನ್ನು ನಯವಾಗಿ ತಿಕ್ಕಿ, ಒಂದು ರೆಕ್ಕೆಯ ಮೇಲೆ ಐದೈದು ಸೆಂ.ಮೀ. ಚೌಕಗಳನ್ನೂ ಇನ್ನೊಂದರ ಅಂಚಿನಲ್ಲಿ ಇಂಚಿನ ಗುರುತುಗಳನ್ನೂ ಬರೆದು ಮೇಲೆ ವಾರ್ನಿಷ್ ಹಚ್ಚಿರಿ. ಬಟ್ಟೆಯ ಅಂಚನ್ನು ಗೆರೆಗೆ ಸರಿಹೊಂದಿಸಿದರೆ ಎಳೆ ನೇರವಾಗಿದೆಯೇ ಎಂಬುದು ನೋಡಿದೊಡನೆ ತಿಳಿಯುತ್ತದೆ.

ಫರಸಿಯ ನೆಲ ಏರುಪೇರಾಗಿದ್ದರೆ, ಕುಣಿಯುವ ಕಾಲಿನ ಅಡಿಗೆ ರಬ್ಬರಿನ ತೆಳುವಾದ ಬಿಲ್ಲೆಯನ್ನು ಅಂಟಿಸಿ ಸರಿಪಡಿಸಬೇಕು. ಕಾಲನ್ನು ಕೆತ್ತಿ ಗಿಡ್ಡ ಮಾಡಲು ಹೊರಟರೆ ಒಂದಾದ ಮೇಲೊಂದರಂತೆ ಎಲ್ಲ ಕಾಲುಗಳನ್ನೂ ಕೆತ್ತುತ್ತ ಹೋಗಬೇಕಾದೀತು!

ಭಾರದ ಲೆಕ್ಕ

ಈ ಮೇಜು ಮಗುಚುವುದೇ ಎಂಬ ಶಂಕೆ ಸಹಜ. ಲೆಕ್ಕ ಹಾಕಿ ನೋಡೋಣ. ಮೇಜಿನ ತೂಕ ಸುಮಾರು ೩೦ ಕಿಲೋಗ್ರಾಂ ಎಂದಿಟ್ಟುಕೊಳ್ಳಿರಿ. ಕಾಲುಗಳೆಲ್ಲ ತೆರೆದಾಗ ಮೇಜಿನ ನಡುವಿನಿಂದ ಹೊರಗಾಲಿಗೆ ೪೮ ಸೆಂ.ಮೀ.; ಹೊರಗಾಲಿನಿಂದ ರೆಕ್ಕೆಯ ಅಂಚಿಗೆ ೨೭ ಸೆಂ.ಮೀ. ಅಂಚಿನ ಮೇಲೆ ಭಾರ ಬಿದ್ದಾಗ ಹೊರಗಾಲುಗಳ ಸಾಲೇ ಸನ್ನೆಯ ಆನಿಕೆಯಾಗುತ್ತದೆ. ಮೇಜಿನ ತೂಕವು ಒಂದು ಕಡೆ ೩೦ × ೪೮ = ೧೪೪೦ ಎಂದು ಹಿಡಿಯುತ್ತದೆ; ಅದನ್ನು ೨೭ರಿಂದ ಭಾಗಿಸಿದರೆ ೫೩ಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಅಂಚಿನ ಮೇಲೆ ಸುಮಾರು ೫೩ ಕಿಲೋಗ್ರಾಂ ಭಾರ ಬಿದ್ದಾಗ ಮೇಜು ಎದುರು ಬದಿಯಲ್ಲಿ ಏಳತೊಡಗುತ್ತದೆ. ಬಟ್ಟೆ, ಕತ್ತರಿ, ಒರಗಿದ ಕೈ—ಇವುಗಳಿಂದ ಎಂದಿಗೂ ಅಷ್ಟು ಭಾರವಾಗದು. ಆದರೆ ದೊಡ್ಡವರೊಬ್ಬರು ಅಂಚಿನ ಮೇಲೆ ಕುಳಿತರೆ ಅಪಾಯ. ಮಕ್ಕಳು ಹಾರಿ ಕುಳಿತರೂ ಅಪಾಯವೇ. ಹಾರಿದ ದೇಹ ತನ್ನ ತೂಕಕ್ಕಿಂತ ಹೆಚ್ಚಿನ ಬಲದಿಂದ ಬೀಳುತ್ತದೆ. ಮೇಜು ಕೂರುವ ಕಟ್ಟೆಯಲ್ಲ ಎಂಬ ನಿಯಮ ಮನೆಯಲ್ಲಿರಲಿ.

ಮಡಚಿದ ಮೇಜಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆಗ ಅದರ ಕಾಲುಗಳ ಹರವು ಕೇವಲ ೨೮ ಸೆಂ.ಮೀ., ಎತ್ತರ ೮೫ ಸೆಂ.ಮೀ. ಅಂಬೆಗಾಲಿಡುವ ಮಗು ಹಿಡಿದೆಳೆದರೆ ಬೀಳಬಹುದು. ಆದುದರಿಂದ ಯಾವಾಗಲೂ ಗೋಡೆಗೆ ಒತ್ತಿ ನಿಲ್ಲಿಸಿ, ಕಿಟಕಿಯ ಸರಳಿಗೋ ಭಾರವಾದ ಕಪಾಟಿಗೋ ಕೊಕ್ಕೆಯಿಂದ ಕಟ್ಟಿಡಬೇಕು. ಕೆಳಗಿನ ಅಟ್ಟಣಿಗೆಯ ಮೇಲೆ ಭಾರವಾದ ಸಾಮಾನುಗಳನ್ನಿಟ್ಟರೆ ಗುರುತ್ವಕೇಂದ್ರವು ಕೆಳಗಿಳಿದು ಮೇಜು ಹೆಚ್ಚು ನಿಶ್ಚಲವಾಗುತ್ತದೆ. ಒಂದು ರೆಕ್ಕೆಯ ಮೇಜನ್ನಂತೂ ತೆರೆದಾಗಲೂ ಗೋಡೆಗೆ ತಾಗಿಸಿಯೇ ಇಡತಕ್ಕದ್ದು.

ಒಂದು ಮೇಜು, ಹಲವು ಉಪಯೋಗ

ಪ್ರತಿ ಸಲವೂ ಎರಡೂ ರೆಕ್ಕೆಗಳನ್ನು ತೆರೆಯಬೇಕೆಂದಿಲ್ಲ. ಕುಪ್ಪಸದಂಥ ಚಿಕ್ಕ ಕೆಲಸಕ್ಕೆ ಒಂದೇ ರೆಕ್ಕೆ ಸಾಕು. ಎರಡೂ ಮಡಚಿದಾಗ ನಡುವಿನ ಹಲಗೆಯ ಮೇಲೆ ಪುಸ್ತಕ, ಗಡಿಯಾರಗಳನ್ನಿಡಬಹುದು. ಸಂಜೆಯ ಹೊತ್ತು ಒಂದು ರೆಕ್ಕೆಯನ್ನು ತೆರೆದರೆ ಇಬ್ಬರು ಮಕ್ಕಳಿಗೆ ಓದುವ ಮೇಜು ಸಿದ್ಧ. ನಿಂತು ಕತ್ತರಿಸುವ ಎತ್ತರವಾದುದರಿಂದ ಸಾಮಾನ್ಯ ಕುರ್ಚಿ ತಗ್ಗಾಗುತ್ತದೆ. ೫೮ರಿಂದ ೬೦ ಸೆಂ.ಮೀ. ಎತ್ತರದ, ಕಾಲಿಡಲು ಅಡ್ಡಪಟ್ಟಿಯುಳ್ಳ ಸ್ಟೂಲು ಬೇಕಾಗುತ್ತದೆ. ಹೀಗೆ ಹಗಲು ತಾಯಿಯ ಕತ್ತರಿಗೂ ರಾತ್ರಿ ಮಕ್ಕಳ ಪಾಟಿ ಪುಸ್ತಕಗಳಿಗೂ ಒಂದೇ ಮೇಜು ಆಸರೆಯಾಗುತ್ತದೆ. ಚಿಕ್ಕ ಮನೆಯಲ್ಲಿ ಜಾಗವನ್ನು ಚದರ ಅಡಿಗಳಲ್ಲಿ ಮಾತ್ರವಲ್ಲದೆ ಗಂಟೆಗಳಲ್ಲಿಯೂ ಹಂಚಿಕೊಳ್ಳಬೇಕೆಂಬುದು ಇದರಿಂದ ತಿಳಿದುಬರುತ್ತದೆ.

ವಿದ್ಯಾರ್ಥಿ ಮಿತ್ರರೇ, ಮರಕ್ಕೆ ಗರಗಸ ಹಾಕುವುದಕ್ಕೆ ಮುಂಚೆ ರಟ್ಟಿನಲ್ಲಿ ಈ ಮೇಜಿನ ಪ್ರತಿಕೃತಿಯನ್ನು ಮಾಡಿರಿ. ಹತ್ತು ಸೆಂಟಿಮೀಟರಿಗೆ ಒಂದು ಸೆಂಟಿಮೀಟರಿನಂತೆ ಇಳಿಸಿದರೆ ಮೇಲ್ಮೈಯು ೧೫ ಮತ್ತು ೯ ಸೆಂ.ಮೀ. ಆಗುತ್ತದೆ, ಬಟ್ಟೆಯ ಪಟ್ಟಿಗಳನ್ನು ಅಂಟಿಸಿದರೆ ಅವೇ ಬಿಜಾಗರಿಗಳು. ಅದೇ ಪ್ರಮಾಣದಲ್ಲಿ ನಿಮ್ಮ ಖೋಲಿಯ ನಕ್ಷೆಯನ್ನು ಕಾಗದದ ಮೇಲೆ ಬರೆದು, ಬಾಗಿಲು, ಕಿಟಕಿ, ಮಂಚ, ಯಂತ್ರಗಳನ್ನು ಗುರುತಿಸಿ, ಪ್ರತಿಕೃತಿಯನ್ನು ಅದರ ಮೇಲೆ ಸರಿಸಿ ನೋಡಿರಿ. ಬೆಳಕು ಎಡಗಡೆಯಿಂದ ಬೀಳುವ ಜಾಗ ಯಾವುದು, ಬಾಗಿಲು ತೆರೆದಾಗ ರೆಕ್ಕೆಗೆ ತಾಗುವುದೇ, ಯಂತ್ರದಿಂದ ಮೇಜಿಗೆ ಎಷ್ಟು ಹೆಜ್ಜೆ ಎಂಬುದೆಲ್ಲ ಒಂದು ಹಾಳೆಯ ಮೇಲೆ ಸ್ಪಷ್ಟವಾಗುತ್ತದೆ. ಆ ನಕ್ಷೆಯನ್ನೂ ನಿಮ್ಮ ತಾಯಿಯವರ ಮೊಣಕೈಯ ಅಳತೆಯನ್ನೂ ಬಡಿಗರ ಮುಂದಿಟ್ಟರೆ ಅರ್ಧ ಕೆಲಸ ಮುಗಿದಂತೆಯೇ ಸರಿ. ಉಳಿದರ್ಧವನ್ನು ಗರಗಸವೂ ಉಳಿಯೂ ನೋಡಿಕೊಳ್ಳುತ್ತವೆ.